ಅಹೆಮ್, ಹೆಮ್, ಹ್ಮ್: ಇಂಗ್ಲಿಷಿನ ಗಂಟಲು ಸದ್ದುಗಳನ್ನು ಓದಲು, ಆಡಲು, ಕನ್ನಡಕ್ಕೆ ತರಲು ಸಮಗ್ರ ಮಾರ್ಗದರ್ಶಿ

ಅನುವಾದದ ಹಸ್ತಪ್ರತಿಗಳನ್ನು ತಿದ್ದುವುದು ನನ್ನ ಕೆಲಸ. ಈಚೆಗೆ ಮೇಜಿಗೆ ಬಂದ ಒಂದು ಕತೆಯಲ್ಲಿ, ಅತಿಥಿಗಳು ತುಂಬಿದ ಹಜಾರದ ಬಾಗಿಲಲ್ಲಿ ನಿಂತ ಬಟ್ಲರ್ 'ಕ್ಯಾಕರಿಸಿ' ಎಲ್ಲರನ್ನೂ ಊಟಕ್ಕೆ ಕರೆದಿದ್ದ. ಇನ್ನೊಂದರಲ್ಲಿ ವಕೀಲರೊಬ್ಬರು 'ಅಹೆಮ್ ಎಂದು ಹೇಳಿ' ಮಾತು ಆರಂಭಿಸಿದ್ದರು. ಮೂರನೆಯದರಲ್ಲಿ, ಮೇಷ್ಟ್ರ ಪ್ರಶ್ನೆಗೆ ಉತ್ತರಿಸಲಾಗದೆ ತಡವರಿಸಬೇಕಿದ್ದ ಹುಡುಗ ನಿಂತಲ್ಲೇ 'ಅಂಚು ಹೊಲಿದಿದ್ದ'. ಮೂವರೂ ಅನುವಾದಕರು ಇಂಗ್ಲಿಷ್ ಚೆನ್ನಾಗಿ ಬಲ್ಲವರೇ. ಅವರು ಎಡವಿದ್ದು ಪದಗಳಲ್ಲಿ ಎನ್ನುವುದಕ್ಕಿಂತ ಪದವಾಗದೇ ಉಳಿದ ಸದ್ದುಗಳಲ್ಲಿ. ಈ ತಪ್ಪುಗಳು ಮತ್ತೆ ಮತ್ತೆ ಬರುತ್ತಿರುವುದರಿಂದ, ಅವುಗಳನ್ನು ಬಿಡಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಬಹುತೇಕರು ಮೊದಲ ಐದು ಹಂತಗಳನ್ನು ಹಾರಿ ನೇರವಾಗಿ ಆರನೆಯದಕ್ಕೆ ಬರುತ್ತಾರೆ. ಕ್ಯಾಕರಿಸುವ ಬಟ್ಲರ್ ಹುಟ್ಟುವುದು ಅಲ್ಲಿಯೇ.

## ಬೇಕಾಗುವ ಸಾಧನಗಳು

ಉಚ್ಚಾರಣೆಯನ್ನು ಕೇಳಿಸುವ ಇಂಗ್ಲಿಷ್-ಇಂಗ್ಲಿಷ್ ನಿಘಂಟು ಒಂದಿರಲಿ. ಆಕ್ಸ್‌ಫರ್ಡ್ ಲರ್ನರ್ಸ್, ಕೇಂಬ್ರಿಜ್, ಮೆರಿಯಂ-ವೆಬ್‌ಸ್ಟರ್ ಮೂರೂ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಇಂಗ್ಲಿಷ್-ಕನ್ನಡ ನಿಘಂಟು ಈ ಕೆಲಸದಲ್ಲಿ ಹೆಚ್ಚು ನೆರವಾಗದು, ಏಕೆಂದರೆ ಅದು ಸದ್ದಿಗೆ ಒಂದೇ ಅರ್ಥ ಕೊಟ್ಟು ಮುಗಿಸುತ್ತದೆ, ಇಲ್ಲಿ ಅರ್ಥವಿರುವುದು ಸಂದರ್ಭದಲ್ಲಿ. ಫೋನಿನ ಧ್ವನಿಮುದ್ರಣ ಸೌಲಭ್ಯವೂ, ಕಿವಿ ಕೇಳದವರಿಗಾಗಿ ಸಿದ್ಧಪಡಿಸಿದ ಇಂಗ್ಲಿಷ್ ಅಡಿಬರಹಗಳಿರುವ ಒಂದು ಸಿನಿಮಾ ಅಥವಾ ಧಾರಾವಾಹಿಯೂ ಬೇಕು. ಅಂಥ ಅಡಿಬರಹಗಳಲ್ಲಿ ಪಾತ್ರ ಗಂಟಲು ಸರಿಮಾಡಿಕೊಂಡಾಗಲೆಲ್ಲ 'ಕ್ಲಿಯರ್ಸ್ ಥ್ರೋಟ್' ಎಂದು ಚೌಕ ಆವರಣದಲ್ಲಿ ಬರುತ್ತದೆ. ಸದ್ದನ್ನೂ ಸಂದರ್ಭವನ್ನೂ ಒಟ್ಟಿಗೆ ನೋಡಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಯಂತ್ರಾನುವಾದವನ್ನು ಈ ಪಟ್ಟಿಯಲ್ಲಿ ಸೇರಿಸಿಲ್ಲ. ಅಂಚು ಹೊಲಿದ ಹುಡುಗ ಬಂದದ್ದು ಆ ಕಡೆಯಿಂದಲೇ.

## ಹಂತ 1: ಬರಹವನ್ನು ಬದಿಗಿಟ್ಟು ಸದ್ದನ್ನು ಕೇಳಿಸಿಕೊಳ್ಳಿ

ಎ, ಎಚ್, ಇ, ಎಂ ಎಂಬ ನಾಲ್ಕು ಅಕ್ಷರಗಳು ಒಂದು ಕೆಮ್ಮಿನ ಚಿತ್ರ. ಅದನ್ನು ನೀವೇ ಮಾಡಿ ನೋಡಬಹುದು. ತುಟಿಗಳನ್ನು ಮುಚ್ಚಿಕೊಂಡು, ಗಂಟಲನ್ನು ಒಮ್ಮೆ ಬಿಗಿದು ಸಡಿಲಿಸಿ. ಬಿಗಿತ ಬಿಟ್ಟ ಕ್ಷಣದಲ್ಲಿ ಮೊಟಕಾದ 'ಅ' ಕೇಳುತ್ತದೆ, ತಡೆದಿದ್ದ ಉಸಿರು ನುಗ್ಗುವಾಗ 'ಹೆ'ಯಂಥ ಸದ್ದಾಗುತ್ತದೆ, ತುಟಿ ಮುಚ್ಚಿಯೇ ಇರುವುದರಿಂದ ಅದು 'ಮ್' ಎಂದು ಮೂಗಿನಲ್ಲಿ ಮುಗಿಯುತ್ತದೆ. ಇದನ್ನು ಫೋನಿನಲ್ಲಿ ಮುದ್ರಿಸಿ, ಬಳಿಕ ನಿಘಂಟಿನ ಧ್ವನಿಯೊಡನೆ ಹೋಲಿಸಿ ನೋಡಿ. ನಿಘಂಟಿನ ಧ್ವನಿ ಅಕ್ಷರಗಳನ್ನು ಓದುತ್ತದೆ, ನಿಮ್ಮ ಗಂಟಲು ಕೆಮ್ಮುತ್ತದೆ. ಗಟ್ಟಿಯಾಗಿ ಓದುವವರು ಇವೆರಡರಲ್ಲಿ ಯಾವುದನ್ನೂ ಆರಿಸಿಕೊಳ್ಳಬಹುದು. ಆದರೆ ಮಾತಿನ ನಡುವೆ ಇಂಗ್ಲಿಷಿನವರು 'ಅಹೆಮ್' ಎಂದು ಅಕ್ಷರ ಬಿಡಿಸಿ ಹೇಳಿದರೆ ಅದು ಹೆಚ್ಚಾಗಿ ತಮಾಷೆಗೆ, ಕೆಮ್ಮನ್ನು ಅಣಕಿಸಲು.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇ, ಆರ್ ಎಂಬ ಎರಡಕ್ಷರದ ಸದ್ದಿನಲ್ಲಿ. ನಮ್ಮವರು ಇದನ್ನು 'ಅರ್' ಎಂದೋ 'ಎರ್' ಎಂದೋ ಓದುತ್ತಾರೆ, ಕನ್ನಡದಲ್ಲಿಯೂ ಹಾಗೆಯೇ ಬರೆಯುತ್ತಾರೆ. ಇಂಗ್ಲೆಂಡಿನ ಪ್ರಮಾಣಿತ ಉಚ್ಚಾರಣೆಯಲ್ಲಿ, ಮುಂದೆ ಸ್ವರವಿಲ್ಲದಿದ್ದರೆ ಆರ್ ಅಕ್ಷರ ಕೇಳುವುದೇ ಇಲ್ಲ. ಆದ್ದರಿಂದ ಅಲ್ಲಿನವರಿಗೆ ಅದು ನಾಲಿಗೆ ಮಡಿಸದೆ ಎಳೆದ 'ಅ' ಮಾತ್ರ. ಆರ್ ಅನ್ನು ಸ್ಪಷ್ಟವಾಗಿ ಉಚ್ಚರಿಸುವ ಅಮೆರಿಕದವರು ಅದೇ ಸದ್ದನ್ನು ಯು, ಎಚ್ ಎಂದು ಬರೆಯುತ್ತಾರೆ. ಬ್ರಿಟಿಷ್ ಪುಸ್ತಕದ ಇ-ಆರ್-ಎಂ, ಅಮೆರಿಕದ ಪುಸ್ತಕದ ಯು-ಎಂ ಎರಡೂ ಒಂದೇ 'ಅಮ್'. ಈ ಒಂದು ಸಂಗತಿ ತಿಳಿದರೆ ಸಾಕು, 'ಅರ್ಮ್' ಎಂಬ ವಿಚಿತ್ರ ಪದ ಕನ್ನಡದ ಪುಟಗಳಿಂದ ತೊಲಗೀತು.

ಟಿ-ಯು-ಟಿ ಎಂದು ಎರಡು ಸಲ ಬರೆದದ್ದು ಕಂಡರೆ 'ಟಟ್ ಟಟ್' ಎಂದು ಓದಬೇಡಿ. ಅದು ನಾಲಿಗೆಯನ್ನು ಹಲ್ಲಿನ ಹಿಂದೆ ಅಂಟಿಸಿ ಎಳೆಯುವ ಸದ್ದು, ನಾವು ಲೊಚಗುಟ್ಟುವುದು ಎನ್ನುತ್ತೇವಲ್ಲ ಅದೇ. ಆದರೆ ನಾವು ಲೊಚಗುಟ್ಟುವುದು ಹೆಚ್ಚಾಗಿ ಮರುಕಕ್ಕೆ. ಅವರದು ಹೆಚ್ಚಾಗಿ ಅಸಮ್ಮತಿಗೆ.

## ಹಂತ 2: ಸದ್ದು ಯಾವ ಗುಂಪಿನದು ಎಂದು ತೀರ್ಮಾನಿಸಿ

ಎಲ್ಲ ಗಂಟಲು ಸದ್ದುಗಳನ್ನೂ ಒಂದೇ ಬುಟ್ಟಿಗೆ ಹಾಕುವುದು ಎರಡನೆಯ ದೊಡ್ಡ ತಪ್ಪು. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗುಂಪಿನ ಹೆಸರು ಬರೆದುಕೊಂಡ ಮೇಲೆಯೇ ಮುಂದೆ ಸಾಗಿ.

ಗಂಟಲನ್ನು ನಿಜಕ್ಕೂ ಸರಿಮಾಡಿಕೊಳ್ಳುವ ಸದ್ದುಗಳು ಮೂರು: ಅಹೆಮ್, ಅದರ ಹಳೆಯ ರೂಪವಾದ ಹೆಮ್, ಮತ್ತು ಹರಂಫ್. ಇವು ಬೇರೆಯವರ ಕಿವಿಗೆ ಬೀಳಲೆಂದೇ ಮಾಡಿದ ಸದ್ದುಗಳು. ಹ್ಮ್ ಎಂಬುದು ಯೋಚನೆಯ ಸದ್ದು, ಅದಕ್ಕೆ ಕೇಳುಗರಿಲ್ಲದಿದ್ದರೂ ನಡೆಯುತ್ತದೆ; ಎಂ ಅಕ್ಷರಗಳು ಹೆಚ್ಚಿದಷ್ಟೂ ಅನುಮಾನ ಹೆಚ್ಚು ಎಂದು ಸ್ಥೂಲವಾಗಿ ಹಿಡಿಯಬಹುದು. 'ಅ' ಮತ್ತು 'ಅಮ್' ತಡೆಯ ಸದ್ದುಗಳು. ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ ಎಂಬ ಮನೋವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮಾತುಗಾರರು ಸಣ್ಣ ತಡೆಗೆ 'ಅ' ಎಂದೂ ದೊಡ್ಡ ತಡೆಗೆ 'ಅಮ್' ಎಂದೂ ಮುನ್ಸೂಚನೆ ಕೊಡುತ್ತಾರೆ ಎಂದು ವಾದಿಸಿದರು. ಈ ವಾದವನ್ನು ಎಲ್ಲ ಸಂಶೋಧಕರೂ ಒಪ್ಪಿಲ್ಲವಾದರೂ, ಕತೆಯ ಸಂಭಾಷಣೆ ಓದುವವರಿಗೆ ಅದು ಒಳ್ಳೆಯ ಅಳತೆಗೋಲು: 'ಅಮ್' ಕಂಡಲ್ಲಿ ಪಾತ್ರ ಹೆಚ್ಚು ಹೊತ್ತು ತಡವರಿಸುತ್ತಿದೆ ಎಂದುಕೊಳ್ಳಿ. ನಾಲ್ಕನೆಯ ಗುಂಪು ಉತ್ತರದ ಸದ್ದುಗಳದು. ಅವುಗಳಿಗೆ ಐದನೆಯ ಹಂತವನ್ನೇ ಮೀಸಲಿಟ್ಟಿದ್ದೇನೆ.

ಎಚ್ಚರಿಕೆಯ ಗುರುತೊಂದಿದೆ. ಹೆಮ್ ಎಂಬ ಪದದ ಜೊತೆಗೆ ಹಾ ಎಂಬುದು ಸೇರಿ 'ಹೆಮ್ಡ್ ಅಂಡ್ ಹಾಡ್' ಎಂದಿದ್ದರೆ ಅಲ್ಲಿ ಸದ್ದೂ ಇಲ್ಲ, ಕೆಮ್ಮೂ ಇಲ್ಲ. ಉತ್ತರ ಹೇಳಲು ಹಿಂದೆಮುಂದೆ ನೋಡಿದ ಎಂಬ ಅರ್ಥದ ನುಡಿಗಟ್ಟು ಅದು. ಬ್ರಿಟನ್ನಿನಲ್ಲಿ ಹೆಮ್ ಬದಲು ಹಮ್ ಎನ್ನುವುದು ರೂಢಿ. ದರ್ಜಿಯ ಅಂಗಡಿಯಲ್ಲಿ ನಾವು ಹೆಮ್ಮಿಂಗ್ ಎನ್ನುವ ಹೊಲಿಗೆಯ ಪದಕ್ಕೂ ಅಕ್ಷರಗಳು ಅವೇ ಇರುವುದರಿಂದ ಯಂತ್ರ ದಾರಿ ತಪ್ಪುತ್ತದೆ. ಕನ್ನಡದಲ್ಲಿ ಇದಕ್ಕೆ 'ಮೀನಮೇಷ ಎಣಿಸಿದ' ಎಂಬುದು ಸಿದ್ಧವಾಗಿಯೇ ಇದೆ.

## ಹಂತ 3: ವಾಕ್ಯದಲ್ಲಿ ಅದು ಕೂತಿರುವ ಜಾಗವನ್ನು ನೋಡಿ

ಇಡೀ ಕೆಲಸದ ತಿರುಳು ಈ ಹಂತದಲ್ಲಿದೆ, ನಿಧಾನವಾಗಿ ಮಾಡಿ. ಅಹೆಮ್ ವಾಕ್ಯದ ಆರಂಭದಲ್ಲಿ ಬಂದರೆ ಒಂದು ಅರ್ಥ, ನಡುವೆ ಬಂದರೆ ಇನ್ನೊಂದು, ಮಾತು ಮುಗಿದ ಮೇಲೆ ಒಂಟಿಯಾಗಿ ನಿಂತರೆ ಮತ್ತೊಂದು.

ಆರಂಭದಲ್ಲಿದ್ದರೆ ಅದು ಗಮನ ಸೆಳೆಯುವ ಸದ್ದು. ಕೋಣೆಯಲ್ಲಿರುವವರು ತನ್ನನ್ನು ಗಮನಿಸಿಲ್ಲ, ಹೆಸರು ಹಿಡಿದು ಕೂಗುವುದು ಸಭ್ಯತೆಯಲ್ಲ, ಆದ್ದರಿಂದ ಬಟ್ಲರ್ ಮೆಲ್ಲಗೆ ಕೆಮ್ಮುತ್ತಾನೆ. ಇದು ನಮಗೆ ಹೊಸತೇನಲ್ಲ. ನಮ್ಮಜ್ಜ ಹೊರಗಿನಿಂದ ಬಂದವರು ನಡುಮನೆಯ ಹೊಸ್ತಿಲು ದಾಟುವ ಮೊದಲು ಒಮ್ಮೆ ಕೆಮ್ಮುತ್ತಿದ್ದರು. ಒಳಗಿದ್ದ ಸೊಸೆಯಂದಿರು ಸೆರಗು ಸರಿಮಾಡಿಕೊಳ್ಳುತ್ತಿದ್ದರು, ಚಿಕ್ಕಮ್ಮಂದಿರ ಹರಟೆ ನಿಲ್ಲುತ್ತಿತ್ತು. ಅಜ್ಜನಿಗೆ ಗಂಟಲು ಕೆಟ್ಟಿದೆ ಎಂದು ಯಾರಿಗೂ ಅನಿಸಿದ್ದಿಲ್ಲ. ಶೇಕ್ಸ್‌ಪಿಯರನ 'ಒಥೆಲೊ' ನಾಟಕದ ನಾಲ್ಕನೆಯ ಅಂಕದಲ್ಲಿ, ಬಾಗಿಲು ಮುಚ್ಚಿಕೊಂಡು ಹೋಗು, ಯಾರಾದರೂ ಬಂದರೆ ಕೆಮ್ಮು ಇಲ್ಲವೇ ಹೆಮ್ ಎನ್ನು ಎಂದು ಒಥೆಲೊ ಎಮಿಲಿಯಾಳಿಗೆ ಹೇಳುವಾಗಲೂ ಆ ಸದ್ದು ಬಾಗಿಲ ಬಳಿಯ ಸಂಕೇತವೇ.

ನಡುವೆ, ಎರಡು ಅಲ್ಪವಿರಾಮಗಳ ಮಧ್ಯೆ ಬಂದರೆ ಎಚ್ಚರವಾಗಿರಿ. 'ಹಿ ಈಸ್, ಅಹೆಮ್, ಬಿಟ್ವೀನ್ ಜಾಬ್ಸ್' ಎಂಬ ವಾಕ್ಯದಲ್ಲಿ ಯಾರೂ ಕೆಮ್ಮಿಲ್ಲ. ಮುಂದೆ ಬರುವ ಮಾತು ಸತ್ಯವನ್ನು ಮೃದು ಮಾಡಿ ಹೇಳಿದ ಮಾತು, ನಾನು ಹೇಳುತ್ತಿರುವುದನ್ನು ಅಷ್ಟಕ್ಕಷ್ಟೇ ನಂಬಿ ಎಂದು ಬರೆದವರು ಕಣ್ಣು ಮಿಟುಕಿಸುತ್ತಿದ್ದಾರೆ. ಆ ಮನುಷ್ಯನಿಗೆ ಕೆಲಸ ಹೋಗಿದೆ. ಇಂಥ ಅಹೆಮ್ ಯಾವಾಗಲೂ ತನ್ನ ಮುಂದಿನ ಪದಕ್ಕೆ ಅಂಟಿಕೊಂಡಿರುತ್ತದೆ, ಹಿಂದಿನದಕ್ಕಲ್ಲ. ಆದ್ದರಿಂದ ಆ ಮುಂದಿನ ಪದದ ಕೆಳಗೆ ಗೆರೆ ಎಳೆದು, ಅದರ ನಿಜವಾದ ಅರ್ಥವೇನಿರಬಹುದು ಎಂದು ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ವಾಕ್ಯ ನಿಮಗಿನ್ನೂ ಅರ್ಥವಾಗಿಲ್ಲ.

ಒಂಟಿಯಾಗಿ, ಅದರಲ್ಲೂ ಆಶ್ಚರ್ಯಸೂಚಕ ಚಿಹ್ನೆಯೊಂದಿಗೆ ನಿಂತರೆ ಅದು ಆಕ್ಷೇಪಣೆ. ಸಭೆ ಹತ್ತಕ್ಕಿತ್ತು, ನೀವು ಹತ್ತೂವರೆಗೆ ಬಂದಿದ್ದೀರಿ, ಅಧ್ಯಕ್ಷರು ಗಡಿಯಾರ ನೋಡಿ ಗಂಟಲು ಸರಿಮಾಡಿಕೊಳ್ಳುತ್ತಾರೆ.

ಹೊಸ ಬಳಕೆಯೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜಾಲತಾಣಗಳಲ್ಲಿ ಕೆಮ್ಮು ಎಂಬ ಅರ್ಥದ ಕಾಫ್ ಎಂಬ ಪದವನ್ನು ಎರಡು ನಕ್ಷತ್ರಚಿಹ್ನೆಗಳ ನಡುವೆ ಇಟ್ಟು, ಒಬ್ಬರ ಹೆಸರು ಬರೆದು, ಮತ್ತೆ ಕಾಫ್ ಎಂದು ಬರೆಯುತ್ತಾರೆ. ಕೆಮ್ಮಿನ ನಡುವೆ ಬಾಯಿತಪ್ಪಿ ಬಂದಂತೆ ಆ ಹೆಸರನ್ನು ಆಡಿ ತೋರಿಸುವ ಕುಚೋದ್ಯ ಅದು.

## ಹಂತ 4: ಯಾರು, ಯಾರ ಎದುರಿಗೆ ಎಂದು ಕೇಳಿಕೊಳ್ಳಿ

ಸೇವಕನ ಅಹೆಮ್ ವಿನಯದ್ದು, ಯಜಮಾನನ ಅಹೆಮ್ ಅಧಿಕಾರದ್ದು, ಪ್ರೇಮಿಗಳಿಬ್ಬರು ಕೈಹಿಡಿದು ಕೂತಾಗ ಹಿಂದಿನಿಂದ ಬರುವ ಗೆಳೆಯನ ಅಹೆಮ್ ಚೇಷ್ಟೆಯದು. ಅಕ್ಷರಗಳು ಬದಲಾಗುವುದಿಲ್ಲ, ಮನುಷ್ಯರು ಬದಲಾಗುತ್ತಾರೆ.

ಹರಂಫ್ ಮಾತ್ರ ಎಲ್ಲರ ಗಂಟಲಿನಿಂದ ಬರುವಂಥದ್ದಲ್ಲ. ಇಂಗ್ಲಿಷ್ ಕತೆಗಳಲ್ಲಿ ಅದು ಹೆಚ್ಚಾಗಿ ನಿವೃತ್ತ ಕರ್ನಲ್, ಕ್ಲಬ್ಬಿನ ಹಳೆಯ ಸದಸ್ಯ, ಪತ್ರಿಕೆಯ ಹಿಂದಿನಿಂದ ತಲೆ ಎತ್ತದ ದೊಡ್ಡಪ್ಪ ಇಂಥವರಿಗೆ ಮೀಸಲು. ತನ್ನ ಅಭಿಪ್ರಾಯಕ್ಕೆ ತಕ್ಕ ಗೌರವ ಸಿಗಲಿಲ್ಲವೆಂಬ ಅಸಮಾಧಾನ, ಜೊತೆಗೆ ಒಂದಿಷ್ಟು ಗತ್ತು ಅದರಲ್ಲಿರುತ್ತದೆ. ಕ್ರಿಯಾಪದವಾಗಿ ಅದು ಇನ್ನೂ ಹೆಚ್ಚು ಬಳಕೆಯಲ್ಲಿದೆ. ಇದಕ್ಕೆ 'ಹೂಂಕರಿಸಿದ' ಎಂದು ಬರೆಯುವವರಿದ್ದಾರೆ. ಹೂಂಕಾರ ಪುರಾಣದ ರಾಕ್ಷಸನಿಗೆ ಒಪ್ಪುವ ಪದ, ಚಹಾ ತಣ್ಣಗಾಯಿತೆಂದು ಮುನಿಸಿಕೊಂಡ ಮುದುಕನಿಗೆ ಹೊಂದುವುದಿಲ್ಲ.

## ಹಂತ 5: ಹೌದು ಮತ್ತು ಇಲ್ಲ ಎಂಬ ಸದ್ದುಗಳನ್ನು ಬೇರ್ಪಡಿಸಿ

ಇಲ್ಲಿಯವರೆಗಿನ ತಪ್ಪುಗಳಿಂದ ಪುಟ ಕೆಡುತ್ತದೆ; ಈ ತಪ್ಪಿನಿಂದ ಕೆಲಸವೇ ಕೆಡುತ್ತದೆ. ಕನ್ನಡದಲ್ಲಿ ಒಪ್ಪಿಗೆಗೆ 'ಹೂಂ' ಎನ್ನುತ್ತೇವೆ, ನಿರಾಕರಣೆಗೆ 'ಉಹೂಂ' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ನಡುವೆ ಹಕಾರವಿರುವ 'ಅಹಾ'ದಂಥ ಸದ್ದು, ಅಂದರೆ ಯು-ಎಚ್ ಬಳಿಕ ಎಚ್-ಯು-ಎಚ್ ಎಂದು ಬರೆಯುವುದು, ಒಪ್ಪಿಗೆ. ತುಟಿ ಮುಚ್ಚಿ 'ಮ್ಹ್ಮ್' ಎಂದರೂ ಒಪ್ಪಿಗೆಯೇ. ನಿರಾಕರಣೆಯ ಸದ್ದಿನಲ್ಲಿ ಹಕಾರವಿಲ್ಲ: 'ಅ' ಎಂದು, ಗಂಟಲಿನಲ್ಲಿ ಗಾಳಿಯನ್ನು ತಟ್ಟನೆ ಕತ್ತರಿಸಿ, ಮತ್ತೆ 'ಅ' ಎನ್ನಬೇಕು. ಬರೆಯುವಾಗ ಅದು ಯು-ಎಚ್ ಎರಡು ಸಲ. ಒಂದೇ ಒಂದು ಎಚ್ ಅಕ್ಷರದ ಮೇಲೆ ಹೌದು-ಇಲ್ಲಗಳು ನಿಂತಿವೆ, ಹಾಗೂ ನಮ್ಮ 'ಇಲ್ಲ'ದಲ್ಲಿ ಇರುವ ಹಕಾರ ಅವರ 'ಹೌದು'ವಿನಲ್ಲಿದೆ.

ಇದರ ಬೆಲೆಯನ್ನು ನಾನು ತೆತ್ತಿದ್ದೇನೆ. ಹಲವು ವರ್ಷಗಳ ಹಿಂದೆ ಹೊರದೇಶದ ಪುಸ್ತಕದ ಮಳಿಗೆಯೊಂದರಿಂದ ಫೋನು ಬಂತು. ಪುಸ್ತಕ ಬರಲು ತಡವಾಗುತ್ತದೆ, ಬೇಡಿಕೆಯನ್ನು ರದ್ದುಮಾಡಲೇ ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದರು. ನಾನು ಕೈಯಲ್ಲಿದ್ದ ಕರಡು ನೋಡುತ್ತಲೇ 'ಉಹೂಂ' ಎಂದೆ. ಎದುರಿಗಿದ್ದರೆ ತಲೆಯಾಡಿಸಿದ್ದಾದರೂ ಕಾಣುತ್ತಿತ್ತು. ಫೋನಿನಲ್ಲಿ ಹಕಾರ ಮಾತ್ರ ಆಚೆ ತಲುಪಿತು. ಆಕೆ ಧನ್ಯವಾದ ಹೇಳಿದರು, ಪುಸ್ತಕ ಬರಲೇ ಇಲ್ಲ. ಅವರ ತಪ್ಪು ಅದರಲ್ಲಿ ಕಿಂಚಿತ್ತೂ ಇರಲಿಲ್ಲ.

ಆದ್ದರಿಂದ ಇಂಗ್ಲಿಷಿನಲ್ಲಿ ಮಾತನಾಡುವಾಗ, ವಿಶೇಷವಾಗಿ ಮುಖ ಕಾಣದ ಕರೆಗಳಲ್ಲಿ, 'ಎಸ್' ಅಥವಾ 'ನೋ' ಎಂದು ಪೂರ್ಣ ಪದವನ್ನೇ ಬಳಸಿ. ಅನುವಾದಿಸುವಾಗ ಒಪ್ಪಿಗೆಯ ಸದ್ದಿಗೆ 'ಹೂಂ' ಎಂದೇ ಬರೆಯಿರಿ. ಕೇಳುತ್ತಿದ್ದೇನೆ ಎಂಬುದಕ್ಕಷ್ಟೇ ಅದು ಬಂದಿದ್ದರೆ 'ಹೂಂಗುಟ್ಟಿದಳು' ಎಂಬ ಪದ ಹೇಳಿಮಾಡಿಸಿದಂತಿದೆ. ಕೇಳಿಸಲಿಲ್ಲ ಎಂದು ಕೇಳುವ ಇಂಗ್ಲಿಷಿನ 'ಹಾ?' ವಿಷಯದಲ್ಲಿ ಮಾತ್ರ ನಿಶ್ಚಿಂತೆಯಿಂದಿರಬಹುದು. ಮಾರ್ಕ್ ಡಿಂಗಮಾನ್ಸೆ ಮತ್ತು ಸಂಗಡಿಗರು 2013ರಲ್ಲಿ 10 ಭಾಷೆಗಳನ್ನು ಹೋಲಿಸಿ, ಈ ಸದ್ದು ಎಲ್ಲೆಡೆ ಹೆಚ್ಚುಕಡಿಮೆ ಒಂದೇ ರೀತಿ ಇದೆ ಎಂದು ತೋರಿಸಿದರು. ನಮ್ಮ 'ಆಂ?' ಅದರ ಹತ್ತಿರದ ನೆಂಟ.

## ಹಂತ 6: ಈಗ ಕನ್ನಡಕ್ಕೆ ತನ್ನಿ

ಅಂಚಿನಲ್ಲಿ ಗುಂಪು, ಜಾಗ, ಸಂಬಂಧ ಮೂರನ್ನೂ ಗುರುತಿಸಿದ್ದರೆ ಅರ್ಧ ಅನುವಾದ ಮುಗಿದಂತೆ. ಗಮನ ಸೆಳೆಯುವ ಅಹೆಮ್ ಅನ್ನು ಸದ್ದಾಗಿ ಉಳಿಸದೆ ಕ್ರಿಯೆಯಾಗಿ ಬರೆಯಿರಿ: 'ಬಾಗಿಲ ಬಳಿ ಬಟ್ಲರ್ ಮೆಲ್ಲಗೆ ಕೆಮ್ಮಿದ' ಅಥವಾ 'ವಕೀಲರು ಗಂಟಲು ಸರಿಮಾಡಿಕೊಂಡರು'. 'ಎಂದು ಹೇಳಿದರು' ಎಂಬುದನ್ನು ಸದ್ದಿನ ಪಕ್ಕದಲ್ಲಿ ಇಡಲೇಬೇಡಿ, ಕೆಮ್ಮನ್ನು ಯಾರೂ ಹೇಳುವುದಿಲ್ಲ. ಚೇಷ್ಟೆಯ ಕೆಮ್ಮಿಗೆ 'ಹುಸಿಗೆಮ್ಮು' ಎಂಬ ಚೆಂದದ ಪದವಿದೆ. ಕ್ಯಾಕರಿಸುವುದು ಕಫ ತೆಗೆಯಲು, ಅದನ್ನು ಬಚ್ಚಲಿಗೆ ಬಿಡಿ.

ವ್ಯಂಗ್ಯದ ಅಹೆಮ್ ಅನ್ನು ಕೆಮ್ಮಾಗಿ ಅನುವಾದಿಸಿದರೆ ವಾಕ್ಯ ಸಾಯುತ್ತದೆ. ಮೇಲಿನ ಉದಾಹರಣೆಯನ್ನು ನಾನು ಮೊದಲು 'ಅವರು ಕೆಮ್ಮಿ, ಸದ್ಯ ಕೆಲಸಗಳ ನಡುವೆ ಇದ್ದಾರೆ ಎಂದರು' ಎಂದು ಬಂದ ಕರಡಿನಲ್ಲಿ ಕಂಡೆ. ಅದನ್ನು ತಿದ್ದಿದ್ದು ಹೀಗೆ: 'ಅವರು ಸದ್ಯಕ್ಕೆ, ಏನೆನ್ನೋಣ, ವಿಶ್ರಾಂತಿಯಲ್ಲಿದ್ದಾರೆ'. ಮಾತಿಗೆ ಮೊದಲಿನ ಆ ಸಣ್ಣ ಹಿಂಜರಿಕೆಯನ್ನು ಕನ್ನಡದಲ್ಲಿ 'ಏನೆನ್ನೋಣ', 'ಹೇಗೆ ಹೇಳಲಿ' ಎಂಬಂಥ ಮಾತುಗಳು ಹೊರುತ್ತವೆ, ಗಂಟಲು ಹೊರುವುದಿಲ್ಲ.

ತಡೆಯ ಸದ್ದುಗಳಿಗೆ 'ಅದೂ...', 'ಏನಂದ್ರೆ...', 'ಅದೇ...' ಎಂಬ ನಮ್ಮ ತಡೆಮಾತುಗಳನ್ನು ಬಳಸಿ, ಆದರೆ ಮೂಲದಲ್ಲಿ ಬಂದಷ್ಟು ಸಲ ಬೇಡ. ಹರಂಫಿಗೆ 'ಗಂಟಲಲ್ಲೇ ಗುರುಗುಟ್ಟಿದ', 'ಗತ್ತಿನಿಂದ ಗಂಟಲು ಸರಿಮಾಡಿಕೊಂಡ' ಎಂಬವು ನಡೆಯುತ್ತವೆ. ಪಾತ್ರ ತೀರಾ ಸಿಡುಕನಾಗಿದ್ದರೆ 'ಗುಟುರು ಹಾಕಿದ' ಎಂದರೂ ಸರಿ.

## ಹಂತ 7: ನೀವೇ ಬಳಸುವಾಗ

ಕಚೇರಿಯ ಇಮೇಲಿನಲ್ಲಿ ಅಹೆಮ್ ಬರೆಯಬೇಡಿ. ಮೇಲಿನವರಿಗೆ ಬರೆದರೆ ಅದು ಚುಚ್ಚುಮಾತು, ಕೆಳಗಿನವರಿಗೆ ಬರೆದರೆ ಗದರಿಕೆ, ಸಮಾನರಿಗೆ ಬರೆದರೂ ಅವರು ಆ ದಿನ ಯಾವ ಮನಸ್ಥಿತಿಯಲ್ಲಿದ್ದಾರೆ ಎಂಬುದರ ಮೇಲೆ ಅರ್ಥ ನಿಲ್ಲುತ್ತದೆ. ಆಪ್ತರ ಹರಟೆಯಲ್ಲಿ, ಒಮ್ಮೆ, ಮುಂದಿನ ಪದಕ್ಕೆ ಎರಡರ್ಥವಿದ್ದಾಗ ಮಾತ್ರ ಬಳಸಿ; ಎರಡೂ ಬದಿಗೆ ಅಲ್ಪವಿರಾಮ ಹಾಕುವುದನ್ನು ಮರೆಯಬೇಡಿ.

ಸಭೆಯಲ್ಲಿ ಮಾತಿಗೆ ಅವಕಾಶ ಬೇಕಿದ್ದರೆ ಕೆಮ್ಮನ್ನು ನೆಚ್ಚಿಕೊಳ್ಳಬೇಡಿ. 2020ರ ಬಳಿಕ ಕೆಮ್ಮು ಕೇಳಿದವರು ಮೊದಲು ನೋಡುವುದು ನಿಮ್ಮ ಮೂಗನ್ನು. ವಿಡಿಯೊ ಕರೆಗಳಲ್ಲಿ ಹಿನ್ನೆಲೆ ಸದ್ದನ್ನು ಅಡಗಿಸುವ ಸೌಲಭ್ಯವಿದ್ದರೆ ಮೆಲುಕೆಮ್ಮು ಆಚೆ ತಲುಪದೆಯೂ ಹೋಗಬಹುದು. ಕೈ ಎತ್ತುವ ಗುಂಡಿ ಒತ್ತುವುದು, ಇಲ್ಲವೇ 'ಮೇ ಐ ಆಡ್ ಸಮ್‌ಥಿಂಗ್' ಎನ್ನುವುದು ಮೇಲು.

## ಎಡವಿದ್ದೀರಿ ಎಂದು ಹೇಳುವ ಗುರುತುಗಳು

ನಿಮ್ಮ ಅನುವಾದದಲ್ಲಿ ಆರ್ ಸದ್ದಿನಿಂದ ಮುಗಿಯುವ ತಡೆಮಾತು ಉಳಿದಿದ್ದರೆ ಒಂದನೆಯ ಹಂತಕ್ಕೆ ಮರಳಿ. ಒಂದೇ ಅಧ್ಯಾಯದಲ್ಲಿ ನಾಲ್ಕು ಜನ 'ಗಂಟಲು ಸರಿಮಾಡಿಕೊಂಡಿದ್ದರೆ' ಮೂರನೆಯ ಹಂತವನ್ನು ಹಾರಿದ್ದೀರಿ. ಫೋನಿನಲ್ಲಿ ನೀವು ಬೇಡವೆಂದದ್ದು ಮನೆ ಬಾಗಿಲಿಗೆ ಬಂದಿದ್ದರೆ ಐದನೆಯದನ್ನು ಓದಿ.

ಕೊನೆಗೆ, ತಿದ್ದಿದ ಪುಟವನ್ನು ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ಸರಿಯಾದ ಜಾಗದಲ್ಲಿ ಅವರು ನಕ್ಕರೆ ಅಥವಾ ತಲೆ ಎತ್ತಿ ನೋಡಿದರೆ ಪುಟ ಅಚ್ಚಿಗೆ ಹೋಗಬಹುದು. ನಾನು ಹೀಗೆ ಓದುತ್ತಿದ್ದಾಗ ಒಮ್ಮೆ ನನ್ನ ಮನೆಯವರು ಏನೂ ಮಾತನಾಡದೆ ಒಳಗೆ ಹೋಗಿ ಬಿಸಿನೀರಿನ ಲೋಟ ತಂದು ಪಕ್ಕಕ್ಕಿಟ್ಟರು. ಆ ಸಾಲನ್ನು ಮತ್ತೆ ಬರೆಯಬೇಕಾಯಿತು.